ಕಂಪೈಲರ್ ಕೊಟ್ಟ ಗ್ರೇಸ್ ಹಾಪರ್

ಲ್ಯಾಬ್‌ನಲ್ಲಿ ಎರರ್ ಬಂದ್ರೆ ನಾವು ಕಂಪೈಲರನ್ನೇ ಬೈತೀವಿ. ಅದೇ ಇಲ್ಲದ ಕಾಲವೂ ಇತ್ತು. 1906ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಗ್ರೇಸ್ ಹಾಪರ್ ಗಣಿತ ಪಾಠ ಮಾಡ್ತಿದ್ದವರು. ಯುದ್ಧ ಬಂದಾಗ, ತೂಕ ಸಾಲದಿದ್ರೂ ಹಟ ಹಿಡಿದು ಅಮೆರಿಕದ ನೌಕಾಪಡೆ ಸೇರಿದರು. ಹಾರ್ವರ್ಡ್‌ನ ಮಾರ್ಕ್ 1 ಯಂತ್ರಕ್ಕೆ ಪ್ರೋಗ್ರಾಂ ಬರೆದರು. ಆಗ ಎಲ್ಲವೂ ಅಂಕಿ-ಸಂಕೇತಗಳಲ್ಲೇ.

1952ರಲ್ಲಿ ಎ-0 ಕಂಪೈಲರ್ ಮಾಡಿ ತೋರಿಸಿದರೆ ಜನ ನಂಬಲಿಲ್ಲ. ಕಂಪ್ಯೂಟರ್ ಇರೋದು ಬರೀ ಲೆಕ್ಕಕ್ಕೆ ಅಂದುಬಿಟ್ಟರು. ಹಾಪರ್ ಬಿಡಲಿಲ್ಲ. ವ್ಯಾಪಾರದ ಲೆಕ್ಕ ನೋಡುವವರಿಗೂ ಅರ್ಥವಾಗಲಿ ಅಂತ ಇಂಗ್ಲಿಷ್ ಪದಗಳಲ್ಲೇ ಬರೆಯುವ ಫ್ಲೋ-ಮ್ಯಾಟಿಕ್ ತಂದರು. 1959ರಲ್ಲಿ ಸಮಿತಿಯೊಂದು ಕೋಬಾಲ್ ರೂಪಿಸಿದಾಗ ಅದಕ್ಕೆ ಮುಖ್ಯ ಬುನಾದಿಯಾದದ್ದು ಇದೇ.

79ನೇ ವಯಸ್ಸಿನವರೆಗೂ ನೌಕಾಪಡೆಯಲ್ಲಿದ್ದು, 1992ರಲ್ಲಿ ತೀರಿಕೊಂಡರು. ಬ್ಯಾಂಕುಗಳ ಮೇನ್‌ಫ್ರೇಮ್‌ಗಳಲ್ಲಿ ಕೋಬಾಲ್ ಇಂದಿಗೂ ಓಡ್ತಿದೆ. ಯಂತ್ರದ ಭಾಷೆ ಜನ ಕಲಿಯೋದಲ್ಲ, ಜನರ ಭಾಷೆಗೆ ಯಂತ್ರ ಹತ್ತಿರ ಬರಬೇಕು ಅನ್ನೋ ಅವರ ಹಟದಿಂದಲೇ ನಮಗಿಂದು ಕೋಡಿಂಗ್ ಇಷ್ಟು ಸಲೀಸು.