ರೋಗಶಯ್ಯೆಯಲ್ಲಿ ಅರಳಿದ ಕಿರುಪುಷ್ಪ

ಪ್ರಭು ಯೇಸುಕ್ರಿಸ್ತರನ್ನು ಹಿಂಬಾಲಿಸಿದ ಸಂತರಲ್ಲಿ ಕೆಲವರು ಕತ್ತಿಗೆ ಕೊರಳೊಡ್ಡಿ ಹುತಾತ್ಮರಾದರು. ಕೆಲವರು ಕಡಲುಗಳನ್ನು ದಾಟಿ ಪರದೇಶಗಳಲ್ಲಿ ಶುಭಸಂದೇಶವನ್ನು ಸಾರಿದರು. ಮತ್ತೆ ಕೆಲವರಿಗೆ ರೋಗದ ಹಾಸಿಗೆಯೇ ಶಿಲುಬೆಯಾಯಿತು. ಈ ಮೂರನೆಯ ಬಳಗಕ್ಕೆ ಸೇರಿದವರು ಬಾಲಯೇಸುವಿನ ಸಂತ ತೆರೇಸಮ್ಮನವರು. ಶಿಲುಬೆಯನ್ನೂ ಗುಲಾಬಿ ಹೂಗಳನ್ನೂ ಎದೆಗೊತ್ತಿಕೊಂಡು ನಿಂತ ಅವರ ಸ್ವರೂಪವನ್ನು ನಮ್ಮ ನಾಡಿನ ಎಷ್ಟೋ ದೇವಾಲಯಗಳಲ್ಲಿ ನಾವು ಕಂಡಿದ್ದೇವೆ. ಆದರೆ ಆ ಹೂಗಳ ಮರೆಯಲ್ಲಿ ಹದಿನೆಂಟು ತಿಂಗಳ ಕೆಮ್ಮು, ಜ್ವರ, ರಕ್ತ ಮತ್ತು ಉಸಿರುಗಟ್ಟುವ ರಾತ್ರಿಗಳಿದ್ದುವೆಂಬುದನ್ನು ಬಲ್ಲವರು ಕಡಿಮೆ. ಶ್ವಾಸಕೋಶದ ಕ್ಷಯವು ಅವರ ಎಳೆಯ ಪ್ರಾಣವನ್ನು ಬಲಿ ತೆಗೆದುಕೊಂಡಿತು. ಆ ವ್ಯಾಧಿಯನ್ನೂ ಅದರ ಚಿಕಿತ್ಸೆಯನ್ನೂ ಅವರು ಹೇಗೆ ಸಹಿಸಿದರೆಂಬುದನ್ನು ತಿಳಿದುಕೊಳ್ಳುವುದು ಇಂದಿನ ನಮ್ಮ ಕುಟುಂಬಗಳಿಗೂ ಹಿತಕರವಾದುದು.

ತೆರೇಸಮ್ಮನವರು 1873ರ ಜನವರಿ 2ರಂದು ಫ್ರಾನ್ಸ್ ದೇಶದ ಅಲೆನ್ಸೋನ್ ಪಟ್ಟಣದಲ್ಲಿ ಜನಿಸಿದರು. ತಂದೆ ಲೂಯಿ ಮಾರ್ಟಿನ್ ಗಡಿಯಾರದ ಕೆಲಸದವರು. ತಾಯಿ ಜೆಲಿಯಮ್ಮ ನವುರಾದ ಲೇಸ್ ಹೆಣಿಗೆಯಲ್ಲಿ ನಿಪುಣೆ. ಈ ದಂಪತಿಗಳ ಒಂಬತ್ತು ಮಕ್ಕಳಲ್ಲಿ ನಾಲ್ವರು ಎಳವೆಯಲ್ಲಿಯೇ ತೀರಿಕೊಂಡರು; ಉಳಿದ ಐವರು ಹೆಣ್ಣುಮಕ್ಕಳಲ್ಲಿ ತೆರೇಸಮ್ಮ ಕಡೆಯವರು. ಹುಟ್ಟಿದಾಗಿನಿಂದಲೇ ದುರ್ಬಲರಾಗಿದ್ದ ಈ ಕೂಸನ್ನು ಬದುಕಿಸಿಕೊಳ್ಳಲು ಹಳ್ಳಿಯ ದಾದಿಯೊಬ್ಬಳ ಹಾಲಿನ ಆಸರೆಯಲ್ಲಿ ಒಂದು ವರ್ಷದಷ್ಟು ಕಾಲ ಬಿಡಬೇಕಾಯಿತು. ನಾಲ್ಕೂವರೆ ವರ್ಷದ ಮಗುವಾಗಿದ್ದಾಗಲೇ ತಾಯಿ ಕ್ಯಾನ್ಸರ್ ರೋಗದಿಂದ ಅಗಲಿದರು. ತಂದೆಯವರು ಮಕ್ಕಳೊಡನೆ ಲಿಸ್ಯೂ ಪಟ್ಟಣಕ್ಕೆ ಬಂದು ನೆಲೆಸಿದರು. ಅಲ್ಲಿ ಸೋದರಮಾವ ಇಸಿದೋರ್ ಗೆರೆನ್ ಔಷಧದ ಅಂಗಡಿ ಇಟ್ಟಿದ್ದರು.

ಲಿಸ್ಯೂವಿನ ಕಾರ್ಮೆಲ್ ಮಠವನ್ನು ಇಬ್ಬರು ಅಕ್ಕಂದಿರು ಮೊದಲೇ ಸೇರಿದ್ದರು. ತೆರೇಸಮ್ಮನವರೂ ಹದಿನೈದು ವರ್ಷದ ಬಾಲೆಯಾಗಿದ್ದಾಗ, 1888ರ ಏಪ್ರಿಲ್ 9ರಂದು, ಅದೇ ಮಠದ ಬಾಗಿಲನ್ನು ಪ್ರವೇಶಿಸಿದರು. ಕಾರ್ಮೆಲ್ ಸಭೆಯು ನಮ್ಮ ಕನ್ನಡ ನಾಡಿಗೂ ಅಪರಿಚಿತವಲ್ಲ. ತೆರೇಸಮ್ಮನವರು ಹುಟ್ಟುವುದಕ್ಕೆ ಮೊದಲೇ, 1870ರಲ್ಲಿ, ಫ್ರಾನ್ಸಿನಿಂದ ಬಂದ ಕನ್ಯಾಸ್ತ್ರೀಯರು ಮಂಗಳೂರಿನಲ್ಲಿ ಕಾರ್ಮೆಲ್ ಮಠವನ್ನು ಸ್ಥಾಪಿಸಿದ್ದರು. ಮೌನ, ಪ್ರಾರ್ಥನೆ, ಉಪವಾಸ, ಕೈಕೆಲಸ ಇವೇ ಆ ಮಠಗಳ ದಿನಚರಿ. ಲಿಸ್ಯೂವಿನ ಚಳಿಗಾಲ ಕಠೋರವಾದುದು. ಮಠದ ಕೊಠಡಿಗಳಲ್ಲಿ ಬೆಂಕಿ ಕಾಯಿಸುವ ಏರ್ಪಾಡಿರಲಿಲ್ಲ. ಮಠದಲ್ಲಿ ತಮ್ಮ ದೇಹವನ್ನು ಎಲ್ಲಕ್ಕಿಂತ ಹೆಚ್ಚಾಗಿ ಬಾಧಿಸಿದುದು ಚಳಿಯೇ ಎಂಬುದನ್ನು ಅವರು ಕಡೆಯ ದಿನಗಳಲ್ಲಿ ಮಾತ್ರ ಹೊರಗೆಡಹಿದರು.

1894ರಿಂದ ಗಂಟಲು ನೋವು ಕಾಡತೊಡಗಿತು, ಧ್ವನಿ ಒಡೆಯಿತು. 1896ರ ತಪಸ್ಸುಕಾಲದ ಉಪವಾಸಗಳನ್ನು ಅವರು ಒಂದನ್ನೂ ಬಿಡದೆ ಆಚರಿಸಿದರು. ಏಪ್ರಿಲ್ 2ರ ಪವಿತ್ರ ಗುರುವಾರದ ಇರುಳು, ಜಾಗರಣೆಯ ಪ್ರಾರ್ಥನೆ ಮುಗಿಸಿ ಮಲಗಿದಾಗ, ಬಾಯೊಳಗೆ ಏನೋ ಬೆಚ್ಚಗೆ ಉಕ್ಕಿಬಂದಂತಾಯಿತು. ದೀಪವನ್ನು ಆರಿಸಿಯಾಗಿತ್ತು, ಅದನ್ನು ಮತ್ತೆ ಹೊತ್ತಿಸದೆ ಬೆಳಗಿನವರೆಗೆ ಕಾದರು. ಶುಭ ಶುಕ್ರವಾರದ ಮುಂಬೆಳಕಿನಲ್ಲಿ ಕಿಟಕಿಯ ಬಳಿ ಹೋಗಿ ನೋಡಿದರೆ ಕರವಸ್ತ್ರವೆಲ್ಲ ರಕ್ತ. ಅದನ್ನು ಅವರು ಸ್ವರ್ಗದ ಮದುವಣಿಗನ ಕರೆಯೆಂದು ಸಂತೋಷದಿಂದಲೇ ಸ್ವೀಕರಿಸಿದರು. ಮಠದ ಶ್ರೇಷ್ಠಮಾತೆಯವರಿಗೆ ವಿಷಯವನ್ನು ತಿಳಿಸಿದರಾದರೂ, ತಮಗಾಗಿ ಯಾವ ವಿನಾಯಿತಿಯೂ ಬೇಡವೆಂದು ಬೇಡಿಕೊಂಡರು. ಅಂದಿನ ಉಪವಾಸವನ್ನೂ ಕಿಟಕಿಗಳನ್ನು ಒರೆಸುವ ಕೆಲಸವನ್ನೂ ಎಂದಿನಂತೆ ಪೂರೈಸಿದರು. ಒಂದೇ ಸೂರಿನಡಿ ಬಾಳುತ್ತಿದ್ದ ಅಕ್ಕ ಪಾಲಿನಮ್ಮನವರಿಗೆ ಈ ರಕ್ತದ ಸಂಗತಿ ತಿಳಿದದ್ದು ಒಂದು ವರ್ಷಕ್ಕೂ ಮಿಗಿಲಾದ ಮೇಲೆ, 1897ರ ಮೇ ತಿಂಗಳ ಕೊನೆಯಲ್ಲಿ.

ಪ್ರಿಯ ವಾಚಕರೇ, ಇಲ್ಲಿ ಒಂದು ಕ್ಷಣ ನಿಂತು ಆಲೋಚಿಸೋಣ. ಆ ಕಾಲದಲ್ಲಿ ಈ ವ್ಯಾಧಿಗೆ ಮದ್ದಿರಲಿಲ್ಲ. ಜರ್ಮನಿಯ ರಾಬರ್ಟ್ ಕಾಖ್ ಎಂಬ ವಿಜ್ಞಾನಿ 1882ರ ಮಾರ್ಚ್ 24ರಂದು ಕ್ಷಯದ ರೋಗಾಣುವನ್ನು ಲೋಕಕ್ಕೆ ತೋರಿಸಿಕೊಟ್ಟಿದ್ದರೂ ಅದನ್ನು ಕೊಲ್ಲುವ ಔಷಧ ಯಾರ ಕೈಯಲ್ಲಿಯೂ ಇರಲಿಲ್ಲ. ಆದುದರಿಂದ ಸಂತಮ್ಮನವರು ಬೇಗನೆ ಹೇಳಿದ್ದರೂ ಪ್ರಾಣ ಉಳಿಯುತ್ತಿತ್ತೆನ್ನಲಾಗದು. ಆದರೆ ಅದೇ ಮಠದಲ್ಲಿದ್ದ ಅವರ ಸೋದರಮಾವನ ಮಗಳು ಮರಿಯಮ್ಮನವರೂ ಅದೇ ರೋಗದಿಂದ 1905ರಲ್ಲಿ ತೀರಿಕೊಂಡರು. ನಾವು ಸಂತರಿಂದ ಕಲಿಯಬೇಕಾದುದು ಅವರ ಪ್ರೀತಿಯನ್ನೇ ಹೊರತು, ಔಷಧವಿಲ್ಲದ ಕಾಲದ ಮೌನವನ್ನಲ್ಲ.

ರೋಗ ಬಯಲಿಗೆ ಬಂದ ಮೇಲೆ ಚಿಕಿತ್ಸೆಯೆಂಬ ಇನ್ನೊಂದು ಶಿಲುಬೆ ಆರಂಭವಾಯಿತು. ಮಠದ ವೈದ್ಯರಾದ ದ ಕೋರ್ನಿಯೇರ್‌ರವರು ಅಂದಿನ ವೈದ್ಯಶಾಸ್ತ್ರ ಬಲ್ಲುದನ್ನೆಲ್ಲ ಪ್ರಯೋಗಿಸಿದರು. ಎದೆಗೆ ಉರಿಯುವ ಸಾಸಿವೆ ಪಟ್ಟು, ಕುದುರೆಯ ಕೂದಲಿನ ಒರಟು ಕೈಚೀಲದಿಂದ ಮೈಯುಜ್ಜುವಿಕೆ, ಚರ್ಮವನ್ನು ಬೊಬ್ಬೆಯೆಬ್ಬಿಸುವ ಲೇಪಗಳು, ಇವೆಲ್ಲಕ್ಕಿಂತ ಘೋರವಾದುದು ಬರೆ ಹಾಕುವಿಕೆ. ಕಾಯಿಸಿದ ಮೊನೆಯಿಂದ ಬೆನ್ನಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಸುಡುತ್ತಿದ್ದರು. ಹಾಗೆ ಮಾಡಿದರೆ ಒಳಗಿನ ಕೆಟ್ಟ ರಕ್ತ ಹೊರಸೆಳೆಯಲ್ಪಡುವುದೆಂಬ ನಂಬಿಕೆ. ಕೆಲವೊಮ್ಮೆ ಒಂದೇ ಸಲಕ್ಕೆ ನೂರಾರು ಬರೆಗಳು. ನಮ್ಮ ಹಳ್ಳಿಗಳಲ್ಲಿ ಹಿಂದಿನವರು ಮಕ್ಕಳಿಗೆ ಬರೆ ಹಾಕಿಸುತ್ತಿದ್ದುದನ್ನು ಕೇಳಿದವರಿಗೆ ಆ ಯಾತನೆಯ ಅರಿವಾದೀತು. ಹಾಲನ್ನೇ ಆಹಾರವಾಗಿ ವಿಧಿಸಿದರು. ತೆರೇಸಮ್ಮನವರಿಗೆ ಹಾಲೆಂದರೆ ಒಗ್ಗದು, ಕುಡಿದುದು ವಾಂತಿಯಾಗುತ್ತಿತ್ತು.

ಇವುಗಳಲ್ಲಿ ಯಾವುದೂ ತಮ್ಮನ್ನು ಗುಣಪಡಿಸದೆಂದು ಅವರು ಅರಿತಿದ್ದರು. ಆದರೂ ಕೊಟ್ಟ ಔಷಧವನ್ನು ನಿರಾಕರಿಸಲಿಲ್ಲ. ಒಂದು ಔಷಧವು ನೋಡಲು ಕೆಂಪಗೆ, ಹಣ್ಣಿನ ಪಾನಕದಂತೆ ಮನೋಹರವಾಗಿತ್ತು. ಬಾಯಿಗಿಟ್ಟರೆ ವಿಷದಂತಹ ಕಹಿ. ಹೊರಗಿನವರ ಕಣ್ಣಿಗೆ ತಮ್ಮ ಬಾಳು ಬಣ್ಣಬಣ್ಣವಾಗಿ ಕಂಡರೂ ಒಳಗೆ ಕಹಿಯನ್ನೂ ಬಡಿಸಲಾಗಿತ್ತೆಂದು ಅವರು ಆ ಬಟ್ಟಲನ್ನು ನೋಡಿ ನಸುನಗುತ್ತ ಹೋಲಿಸಿದರು. ದಿನವೂ ತೋಟದಲ್ಲಿ ತುಸು ಅಡ್ಡಾಡಬೇಕೆಂದು ಶುಶ್ರೂಷಕಿಯವರು ಸೂಚಿಸಿದ್ದರು. ಒಂದೊಂದು ಹೆಜ್ಜೆಯೂ ದುಸ್ತರವಾಗಿದ್ದಾಗಲೂ ಅವರು ಅದನ್ನು ಬಿಡಲಿಲ್ಲ. ದೂರ ದೇಶದಲ್ಲಿ ಎಲ್ಲೋ ದಣಿದು ನಡೆಯುತ್ತಿರುವ ಧರ್ಮಪ್ರಚಾರಕರೊಬ್ಬರಿಗಾಗಿ ತಾವು ನಡೆಯುತ್ತಿರುವುದಾಗಿ ಭಾವಿಸಿ ಆ ಆಯಾಸವನ್ನು ದೇವರಿಗೆ ಅರ್ಪಿಸಿದರು. ಹಿಂದೊಮ್ಮೆ ವಿಯೆಟ್ನಾಮಿನ ಹನೋಯಿ ಮಠಕ್ಕೆ ಹೋಗಿ ಸೇವೆ ಸಲ್ಲಿಸುವ ಆಸೆ ಅವರಿಗಿತ್ತು. 1896ರ ಚಳಿಗಾಲದಲ್ಲಿ ರೋಗ ಮರುಕಳಿಸಿದುದರಿಂದ ಅದು ಕೈಗೂಡಲಿಲ್ಲ. ಕಡಲು ದಾಟಲಾರದ ಕಾಲುಗಳು ಮಠದ ತೋಟದಲ್ಲೇ ಆ ಸೇವೆಯನ್ನು ಸಲ್ಲಿಸಿದವು. ಸಣ್ಣ ಕಾರ್ಯವನ್ನು ಮಹಾಪ್ರೀತಿಯಿಂದ ಮಾಡುವ ಈ ಬಗೆಯನ್ನೇ ಅವರ ಕಿರುದಾರಿಯೆಂದು ಕರೆಯುತ್ತೇವೆ. ಕಾಯಕವೇ ಪೂಜೆಯೆಂದು ಸಾರಿದ ಶರಣರ ಕಲ್ಯಾಣದ ಮಣ್ಣಿನಲ್ಲಿ ಬಾಳುವ ನಮಗೆ ಈ ದಾರಿಯ ಮರ್ಮ ಬೇಗ ಹೊಳೆಯುವಂಥದು.

ದೇಹದ ಬಾಧೆಗಿಂತ ಆತ್ಮದ ಕತ್ತಲೆ ಇನ್ನೂ ದಟ್ಟವಾಗಿತ್ತು. 1896ರ ಪುನರುತ್ಥಾನದ ಹಬ್ಬದ ಹೊತ್ತಿಗೆ ಆರಂಭವಾದ ವಿಶ್ವಾಸದ ಪರೀಕ್ಷೆ ಕೊನೆಯುಸಿರಿನವರೆಗೂ ಅವರನ್ನು ಬಿಡಲಿಲ್ಲ. ಸ್ವರ್ಗವೆಂಬುದೇ ಇಲ್ಲವೇನೋ ಎಂಬ ಶಂಕೆ ಗೋಡೆಯಂತೆ ಅಡ್ಡ ನಿಂತಿತು. ನೋವು ಮಿತಿಮೀರಿದಾಗ ಮನುಷ್ಯನ ಬುದ್ಧಿ ಎಲ್ಲಿಗೆ ತಲುಪಬಲ್ಲುದೆಂಬುದನ್ನೂ ಅವರು ಮುಚ್ಚಿಡಲಿಲ್ಲ; ಯಾತನೆ ಪಡುವ ರೋಗಿಯ ಕೈಗೆಟಕುವಂತೆ ವಿಷಪೂರಿತ ಔಷಧಗಳನ್ನು ಇಡಬಾರದೆಂದು ಶುಶ್ರೂಷಕಿಯವರನ್ನು ಎಚ್ಚರಿಸಿದರು. ದೀರ್ಘಕಾಲದ ರೋಗಿಯು ಬೇಸತ್ತು ಆಡುವ ಮಾತನ್ನು ಅವಿಶ್ವಾಸವೆಂದು ಹೀಗಳೆಯುವವರು ಈ ಸಂಗತಿಯನ್ನು ನೆನೆಯಬೇಕು. ಸಂತಮ್ಮನವರಿಗೂ ಆ ಕತ್ತಲೆ ಬಂದಿತ್ತು. ಕತ್ತಲೆಯಲ್ಲಿಯೇ ಅವರು ದೇವರನ್ನು ಪ್ರೀತಿಸಿದರು.

1897ರ ಜೂನ್ ತಿಂಗಳಲ್ಲಿ, ತಂದೆಯವರು ಕಾಯಿಲೆಯಲ್ಲಿ ಬಳಸಿದ್ದ ಗಾಲಿಕುರ್ಚಿಯಲ್ಲಿ ತೋಟದ ಮರಗಳ ನೆರಳಿನಲ್ಲಿ ಕುಳಿತು ಅವರು ತಮ್ಮ ಆತ್ಮಕಥೆಯ ಕೊನೆಯ ಭಾಗವನ್ನು ಬರೆದರು. ಲೇಖನಿ ಹಿಡಿಯುವ ಶಕ್ತಿಯೂ ಕುಂದಿದಾಗ ಪೆನ್ಸಿಲಿನಿಂದ ಬರೆದು, ಜುಲೈ ಮೊದಲಲ್ಲಿ ನಿಲ್ಲಿಸಿದರು. ಜುಲೈ 8ರಂದು ಮಠದ ರೋಗಿಗಳ ಕೊಠಡಿಗೆ ಅವರನ್ನು ಸಾಗಿಸಲಾಯಿತು. ಜುಲೈ 30ರಂದು ರೋಗಿಗಳ ಅಭ್ಯಂಗ ಸಂಸ್ಕಾರ ನೆರವೇರಿತು. ಆಗಸ್ಟಿನಲ್ಲಿ ಅವರ ಬಂಧುವೂ ಆಗಿದ್ದ ಡಾ. ಲ ನೇಲ್‌ರವರು ಪರೀಕ್ಷಿಸಿ, ಬಲ ಶ್ವಾಸಕೋಶ ಸಂಪೂರ್ಣ ನಾಶವಾಗಿದೆಯೆಂದೂ ಎಡಭಾಗಕ್ಕೂ ರೋಗ ಹಬ್ಬಿದೆಯೆಂದೂ ಕಂಡುಕೊಂಡರು. ಕ್ಷಯವೆಂಬ ಹೆಸರು ಸ್ಪಷ್ಟವಾಗಿ ಉಚ್ಚರಿಸಲ್ಪಟ್ಟದ್ದು ಆಗಲೇ. ಆಗಸ್ಟ್ 19ರ ಬಳಿಕ ಪರಮಪ್ರಸಾದವನ್ನು ಸ್ವೀಕರಿಸುವುದೂ ಅಸಾಧ್ಯವಾಯಿತು. ರೋಗ ಕರುಳಿಗೂ ಇಳಿಯಿತು. ಅಕ್ಕ ಸೆಲಿನಮ್ಮನವರು ಹಗಲಿರುಳು ಬಳಿಯಿದ್ದು ಆರೈಕೆ ಮಾಡಿದರು. ಸೆಪ್ಟೆಂಬರ್ 30ರ ಸಂಜೆ, ಶಿಲುಬೆಯನ್ನು ಹಿಡಿದು ದೇವರಲ್ಲಿ ತಮ್ಮ ಪ್ರೀತಿಯನ್ನು ನಿವೇದಿಸುತ್ತ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ಪ್ರಾಣಬಿಟ್ಟರು.

ಮರುವರ್ಷ ಪ್ರಕಟವಾದ ಅವರ ಆತ್ಮಕಥೆ ಲೋಕವನ್ನೆಲ್ಲ ಸುತ್ತಿತು. 1925ರ ಮೇ 17ರಂದು ಹನ್ನೊಂದನೆಯ ಪಿಯುಸ್ ಜಗದ್ಗುರುಗಳು ಅವರಿಗೆ ಸಂತ ಪದವಿಯನ್ನಿತ್ತರು. ಮಠದ ಗೋಡೆಯನ್ನು ದಾಟದ ಈ ರೋಗಿಯನ್ನು 1927ರಲ್ಲಿ ಸಂತ ಫ್ರಾನ್ಸಿಸ್ ಝೇವಿಯರರೊಡನೆ ಧರ್ಮಪ್ರಚಾರ ಕಾರ್ಯದ ಪಾಲಕಿಯೆಂದು ಘೋಷಿಸಲಾಯಿತು. 1997ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಅವರನ್ನು ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿಸಿದರು. 2015ರಲ್ಲಿ ಅವರ ತಂದೆತಾಯಿಗಳೂ ಸಂತರೆನಿಸಿದರು.

ಅದೇ ದಶಕಗಳಲ್ಲಿ ಈ ರೋಗ ನಮ್ಮ ನಾಡಿನ ಮನೆಗಳನ್ನೂ ಹೊಕ್ಕಿತ್ತು. ಕನ್ನಡದ ಕವಿ ಮುದ್ದಣ ಮೂವತ್ತೊಂದರ ಹರೆಯದಲ್ಲಿ, 1901ರಲ್ಲಿ, ಕ್ಷಯದಿಂದಲೇ ತೀರಿಕೊಂಡರು. ಮೈಸೂರಿನ ಕ್ಷಯರೋಗ ಆಸ್ಪತ್ರೆಯು ಇದೇ ರೋಗಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರನ್ನು ಹೊತ್ತಿದೆ. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿಯಲ್ಪಟ್ಟಾಗ ಕತ್ತಲೆ ಹರಿಯತೊಡಗಿತು. 1956ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಸಂಶೋಧನೆಯು, ಬಡವರು ತಮ್ಮ ಮನೆಯಲ್ಲಿಯೇ ಇದ್ದು ಔಷಧ ಸೇವಿಸಿದರೂ ಆಸ್ಪತ್ರೆಯಲ್ಲಿದ್ದವರಷ್ಟೇ ಗುಣಹೊಂದುವರೆಂದು ಜಗತ್ತಿಗೆ ತೋರಿಸಿಕೊಟ್ಟಿತು. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು.

ಇಂದು ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಮಾತ್ರೆಗಳು ಸಾಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಅವು ಉಚಿತವಾಗಿ ದೊರೆಯುತ್ತವೆ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಮೈ ಸೊರಗುವಿಕೆ, ಕಫದಲ್ಲಿ ರಕ್ತ ಇವು ಕಂಡರೆ ಕಫದ ಪರೀಕ್ಷೆ ಮಾಡಿಸಬೇಕು. ರೋಗವಿದ್ದರೆ ಮನೆಮಂದಿಯೂ ತಪಾಸಣೆಗೆ ಒಳಗಾಗಬೇಕು. ಮಾತ್ರೆಗಳಿಂದ ಹೊಟ್ಟೆ ತೊಳಸುವುದುಂಟು. ಮೂತ್ರ ಕೆಂಪಾಗುವುದುಂಟು, ಅದು ರಕ್ತವಲ್ಲ, ಮಾತ್ರೆಯ ಬಣ್ಣ. ಆದರೆ ಕಣ್ಣು ಹಳದಿಯಾದರೆ, ದೃಷ್ಟಿ ಮಂದವಾದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಒಂದೆರಡು ತಿಂಗಳಲ್ಲಿ ಕೆಮ್ಮು ನಿಂತು ಹಸಿವು ಮರಳಿದಾಗ, ವಾಸಿಯಾಯಿತೆಂದು ಅನೇಕರು ಔಷಧವನ್ನು ಬಿಟ್ಟುಬಿಡುತ್ತಾರೆ. ಆಗ ಅಳಿದುಳಿದ ರೋಗಾಣುಗಳು ಔಷಧಕ್ಕೆ ಬಗ್ಗದಂತೆ ಬಲಿಯುವ ಅಪಾಯವಿದೆ. ಬಸವಕಲ್ಯಾಣ, ಹುಮನಾಬಾದ್ ಕಡೆಯಿಂದ ಹೈದರಾಬಾದ್, ಮುಂಬಯಿ, ಪುಣೆಗಳಿಗೆ ದುಡಿಮೆಗಾಗಿ ತೆರಳುವ ನಮ್ಮ ಬಂಧುಗಳು ಊರು ಬದಲಿಸಿದರೂ ಮಾತ್ರೆಯನ್ನು ಬಿಡಬೇಕಾಗಿಲ್ಲ. ಮೊದಲೇ ತಿಳಿಸಿದರೆ ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿಯೇ ಚಿಕಿತ್ಸೆಯನ್ನು ಮುಂದುವರಿಸಬಹುದು.

ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ರೋಗವನ್ನು ಮುಚ್ಚಿಡುವ, ರೋಗಿಯ ತಟ್ಟೆಲೋಟವನ್ನು ಬೇರೆಯಿಟ್ಟು ಮನನೋಯಿಸುವ ರೂಢಿ ಇನ್ನೂ ಅಳಿದಿಲ್ಲ. ಈ ರೋಗವು ಪಾಪದ ಫಲವಲ್ಲ. ಗಾಳಿಯಲ್ಲಿ ಹರಡುವ ರೋಗಾಣುವಿನ ಫಲ. ಕೆಮ್ಮುವಾಗ ಬಾಯಿಗೆ ಬಟ್ಟೆ, ಮನೆಗೆ ಗಾಳಿಬೆಳಕು, ಹೊತ್ತಿಗೆ ಸರಿಯಾಗಿ ಮಾತ್ರೆ, ಬಾಯಿತುಂಬ ಅಕ್ಕರೆಯ ಮಾತು ಇವಿಷ್ಟೂ ಇದ್ದರೆ ರೋಗಿ ಮನೆಯವರ ನಡುವೆಯೇ ಗುಣಹೊಂದಬಲ್ಲನು.

ತೆರೇಸಮ್ಮನವರು ತಮ್ಮನ್ನು ಗುಣಪಡಿಸಲಾರದ ಔಷಧವನ್ನೂ ಪ್ರೀತಿಯಿಂದ ಕುಡಿದರು. ಗುಣಪಡಿಸಬಲ್ಲ ಔಷಧ ನಮ್ಮ ಅಂಗೈಯಲ್ಲಿದೆ. ದಿನಕ್ಕೊಮ್ಮೆ ಅದನ್ನು ನುಂಗುವ ಆ ಸಣ್ಣ ಕಾರ್ಯವನ್ನು ಆರು ತಿಂಗಳೂ ತಪ್ಪದೆ ನಡೆಸುವುದು ರೋಗಿಯ ಪಾಲಿಗೆ ಒಂದು ಕಿರುದಾರಿ. ಅವನೊಡನೆ ಬೇಸರಿಸದೆ ನಡೆಯುವುದು ಮನೆಯವರ ಕಿರುದಾರಿ. ಅಕ್ಟೋಬರ್ 1ರಂದು ಬರುವ ಸಂತಮ್ಮನವರ ಹಬ್ಬದ ದಿನ ನಮ್ಮ ಧರ್ಮಕೇಂದ್ರದ ರೋಗಿಗಳೆಲ್ಲರನ್ನೂ ಪ್ರಾರ್ಥನೆಯಲ್ಲಿ ನೆನೆಯೋಣ. ನೆನೆದು, ಅವರ ಮನೆಯ ಬಾಗಿಲನ್ನೂ ತಟ್ಟೋಣ. ಬಾಲಯೇಸುವಿನ ಸಂತ ತೆರೇಸಮ್ಮನವರು ನಮಗಾಗಿ ಪ್ರಾರ್ಥಿಸಲಿ.