ಬೇಲಿ ನೋಡಿ ಭೂಕಂಪ ತಿಳಿದ ರೀಡ್

ನನಗೆ ತುಂಬಾ ಇಷ್ಟವಾದ ವಿಜ್ಞಾನಿ ಹ್ಯಾರಿ ಫೀಲ್ಡಿಂಗ್ ರೀಡ್. ಇವರು 1859ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹುಟ್ಟಿದರು. ಮೊದಲು ಅಲಾಸ್ಕಾದ ಹಿಮನದಿಗಳನ್ನು ಅಳೆದರು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು.

1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರ ಭೂಕಂಪಕ್ಕೆ ನಡುಗಿತು, ಬೆಂಕಿಗೆ ಉರಿಯಿತು. ಸುಮಾರು 3000 ಜನ ಸತ್ತರು. ಅಲ್ಲಿ ನೆಲದ ಬಿರುಕಿಗೆ ಅಡ್ಡವಾಗಿದ್ದ ಬೇಲಿಗಳು ತುಂಡಾಗಿ ಪಕ್ಕಕ್ಕೆ ಸರಿದಿದ್ದವು. ರೀಡ್ ಹಳೆಯ ಸರ್ವೆ ಅಳತೆಗಳನ್ನೂ ಹೊಸ ಅಳತೆಗಳನ್ನೂ ಹೋಲಿಸಿದರು. ಭೂಕಂಪಕ್ಕೆ ಎಷ್ಟೋ ವರ್ಷ ಮೊದಲೇ ನೆಲ ಸದ್ದಿಲ್ಲದೆ ಬಾಗುತ್ತಿತ್ತು!

ಇದನ್ನು 1910ರಲ್ಲಿ ಅವರು ಚಿತ್ರ ಬರೆದು ವಿವರಿಸಿದರು. ಬಿರುಕಿಗೆ ಅಡ್ಡ ಒಂದು ನೇರ ಗೆರೆ. ಎರಡೂ ಕಡೆಯ ನೆಲ ಎದುರುಬದುರು ದಿಕ್ಕಿಗೆ ಸರಿಯುತ್ತಾ ಹೋದರೆ ಗೆರೆ ಬಾಗುತ್ತೆ. ತಡೆಯಲಾರದೆ ಬಿರುಕು ಜಾರಿದಾಗ ಗೆರೆ ಎರಡು ತುಂಡಾಗಿ ನೆಟ್ಟಗಾಗುತ್ತೆ. ಬಗ್ಗಿಸಿದ ಬಿದಿರುಕಡ್ಡಿ ಮುರಿದಾಗ ಕೈ ಜುಂ ಅನ್ನುತ್ತಲ್ಲ, ಹಾಗೆಯೇ ಭೂಮಿ ನಡುಗುತ್ತೆ.

ರೀಡ್ 1944ರಲ್ಲಿ ತೀರಿಕೊಂಡರು. ಈಗ ವಿಜ್ಞಾನಿಗಳು ಮೊದಲ ಅಲೆ ಎಲ್ಲಿ ನೆಲವನ್ನು ತಳ್ಳಿತು, ಎಲ್ಲಿ ಎಳೆಯಿತು ಎಂದು ಯಂತ್ರಗಳಲ್ಲಿ ನೋಡಿ, ಕಪ್ಪು-ಬಿಳುಪು ಚೆಂಡಿನಂಥ ಚಿತ್ರ ಬರೆಯುತ್ತಾರೆ. ಕಣ್ಣಿಗೆ ಕಾಣದ ಆಳದಲ್ಲಿ ಬಿರುಕು ಹೇಗೆ ಜಾರಿತು ಅನ್ನೋದಕ್ಕೆ ಅದೇ ಸುಳಿವು. ಬಾಗಿದ ನೆಲ ಎಲ್ಲೆಲ್ಲಿದೆ ಅಂತ ಮೊದಲೇ ಅಳೆದು, ಅಲ್ಲಿ ಗಟ್ಟಿ ಮನೆ ಕಟ್ಟಿದರೆ ಎಷ್ಟೋ ಜೀವ ಉಳಿಯುತ್ತೆ.