ಬಾಸ್ಫರಸ್ ದಂಡೆಯ ಚಿತ್ರಕಾರ ಮೆಲ್ಲಿಂಗ್

ಇಸ್ತಾಂಬುಲ್ ನಗರದ ಹಳೆಯ ನೋಟಗಳನ್ನು ನೀವು ಪುಸ್ತಕಗಳಲ್ಲಿ ಕಂಡಿದ್ದರೆ ಮೆಲ್ಲಿಂಗರ ಒಂದಾದರೂ ಚಿತ್ರ ನಿಮ್ಮ ಕಣ್ಣಿಗೆ ಬಿದ್ದಿರಬಹುದು. 1763ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಜನಿಸಿದ ಆಂಟ್ವಾನ್ ಇಗ್ನಾಸ್ ಮೆಲ್ಲಿಂಗ್ ತಾರುಣ್ಯದಲ್ಲೇ ಅಲ್ಲಿಗೆ ಬಂದು ಸುಮಾರು 18 ವರ್ಷ ನೆಲೆಸಿದರು.

ಸುಲ್ತಾನ್ ಮೂರನೆಯ ಸಲೀಮರ ಸೋದರಿ ಹತೀಜೆ ಸುಲ್ತಾನಾ (ನಮ್ಮ ಬಾಯಲ್ಲಿ ಖದೀಜಾ) ಅವರಿಂದ ಉದ್ಯಾನ ಮಾಡಿಸಿದರು. ಆಮೇಲೆ ಬಾಸ್ಫರಸ್ ದಂಡೆಯ ತಮ್ಮ ಅರಮನೆಯ ಕೆಲಸವನ್ನೂ ಒಪ್ಪಿಸಿದರು. ಇಲ್ಲೊಂದು ಸ್ವಾರಸ್ಯವಿದೆ, ಗಮನಿಸಿ. ಇಬ್ಬರ ನಡುವೆ ಓಡಾಡಿದ ಪತ್ರಗಳ ಭಾಷೆ ತುರ್ಕಿ, ಲಿಪಿ ಮಾತ್ರ ಲ್ಯಾಟಿನ್! ತುರ್ಕಿಯಲ್ಲಿ ಅಧಿಕೃತವಾಗಿ ಲಿಪಿ ಬದಲಾದದ್ದು 1928ರಲ್ಲಿ ಎಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ. ಪತ್ರಗಳ ವಿಷಯವೇನೋ ಸಾಮಾನ್ಯವೇ: ಸೊಳ್ಳೆಪರದೆ ಇಂದೇ ಬರಬೇಕು, ಬಾಕಿ ಸಂಬಳ ಕೊಡಿಸಬೇಕು.

ಕೊನೆಗೆ ವಿರಸ ಉಂಟಾಗಿ ಕೆಲಸ ಹೋಯಿತು. 1802ರಲ್ಲಿ ಮೆಲ್ಲಿಂಗ್ ಇಸ್ತಾಂಬುಲ್ ಬಿಟ್ಟು ಹೊರಟರು. 48 ನೋಟಗಳ ಅವರ ಬೃಹತ್ ಗ್ರಂಥ ಪ್ಯಾರಿಸ್ಸಿನಲ್ಲಿ 1819ರಲ್ಲಿ ಪೂರ್ಣಗೊಂಡರೂ ಹಣ ತಂದುಕೊಡಲಿಲ್ಲ. 1831ರಲ್ಲಿ ತೀರಿಕೊಂಡರು.

ಕಂಡದ್ದಕ್ಕೆ ಕಲ್ಪನೆ ಬೆರೆಸಿದ ಐರೋಪ್ಯ ಕಲಾವಿದರು ಅನೇಕರಿದ್ದರು. ಮೆಲ್ಲಿಂಗ್ ಕಟ್ಟಡ ಬಲ್ಲವರು. ಕಿಟಕಿ, ಕಂಬಗಳನ್ನೂ ಅಳತೆ ತಪ್ಪದೆ ಬಿಡಿಸಿದರು. ಹತೀಜೆಯವರ ಅರಮನೆ ಇಂದಿಲ್ಲ. ಅದು ಹೇಗಿತ್ತೆಂದು ತಿಳಿಯಲು ಅವರ ಅಚ್ಚಿನ ಹಾಳೆಯನ್ನೇ ತೆರೆಯಬೇಕು.